ಬಾಗಿಲಲ್ಲಿ ಗಂಟೆ ಬಾರಿಸಿದ ಮಾತ್ರಕ್ಕೆ ನಾನು ಕಳ್ಳಿಯೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 52. ಮೂರು ವಾರಗಳ ಹಿಂದೆ ಒಂದು ಭಾನುವಾರ ಸಂಜೆ ದೊಡ್ಡ ಮಳಿಗೆಯೊಂದರಲ್ಲಿ ತಿಂಗಳ ದಿನಸಿ ಕೊಂಡು, 1,846 ರೂಪಾಯಿ ಬಿಲ್ ಕಟ್ಟಿ ಹೊರಗೆ ಬರುತ್ತಿದ್ದಾಗ ಬಾಗಿಲ ಎರಡೂ ಬದಿಯ ಕಂಬಗಳು ಕೂಗಿಕೊಂಡವು. ಕಾವಲುಗಾರ ಬಿಲ್ಲಿಗೂ ಚೀಲಕ್ಕೂ ತಾಳೆ ನೋಡಿದ, ಎಲ್ಲವೂ ಸರಿಯಿತ್ತು. ಆದರೂ 'ಒಳಗೆ ಬನ್ನಿ' ಎಂದು ಗೋದಾಮಿನ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಅಕ್ಕಿ ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿದ್ದ ಮಹಿಳಾ ಸಿಬ್ಬಂದಿ ನನ್ನ ವ್ಯಾನಿಟಿ ಬ್ಯಾಗನ್ನು ಮೇಜಿನ ಮೇಲೆ ಸುರಿದಳು. ಅದರಲ್ಲಿ ಅರ್ಧ ಮುಗಿದಿದ್ದ ನೋವಿನ ಮುಲಾಮಿನ ಡಬ್ಬಿಯನ್ನು ಎತ್ತಿ ಹಿಡಿದು 'ಇದರ ಬಿಲ್ ಎಲ್ಲಿ?' ಎಂದು ಕೇಳಿದಳು. ಸುಮಾರು 40 ನಿಮಿಷ ಬಾಗಿಲಿಗೆ ಅಡ್ಡವಾಗಿ ಒಬ್ಬ ನಿಂತಿದ್ದ. 'ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಎಂದು ಬರೆದುಕೊಡಿ ಎಂದರು, ನಾನು ಬರೆಯಲಿಲ್ಲ. ಕೊನೆಗೆ ಮ್ಯಾನೇಜರ್ ಕ್ಯಾಮೆರಾ ನೋಡಿ ಬಂದು, 'ಸಾರಿ ಮೇಡಂ, ಮೆಷಿನ್ ಪ್ರಾಬ್ಲಂ' ಎಂದು 200 ರೂಪಾಯಿಯ ಕೂಪನ್ ಕೊಟ್ಟು ಕಳಿಸಿದರು. ನನ್ನನ್ನು ಒಳಗೆ ಕರೆದೊಯ್ದದ್ದನ್ನು ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿಯೊಬ್ಬನ ತಾಯಿ ಬಿಲ್ಲಿಂಗ್ ಸಾಲಿನಲ್ಲಿ ನಿಂತು ನೋಡಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಏನೂ ಕದಿಯದ ನನ್ನ ಕೈ ಏಕೆ ಅಷ್ಟು ನಡುಗಿತು ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ನಾನೇ ಬ್ಯಾಗ್ ಕೊಟ್ಟಿದ್ದರಿಂದ ನನ್ನ ಹಕ್ಕು ಹೋಯಿತೇ? ಈಗ ಏನಾದರೂ ಮಾಡಬಹುದೇ?
– ಹೆಸರು ಬೇಡ, ಮೈಸೂರು

ಉತ್ತರ: ಎಲ್ಲಕ್ಕಿಂತ ಮೊದಲು ಕ್ಯಾಮೆರಾದ ಮಾತು, ಏಕೆಂದರೆ ಉಳಿದ ಯಾವುದಕ್ಕೂ ಇಷ್ಟು ಅವಸರವಿಲ್ಲ. ನಮ್ಮ ರಾಜ್ಯದ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017ರ ಪ್ರಕಾರ, ಹೆಚ್ಚು ಜನ ಬಂದುಹೋಗುವ ಇಂತಹ ಮಳಿಗೆಗಳು ಸಿ.ಸಿ. ಕ್ಯಾಮೆರಾ ಅಳವಡಿಸಿ, ಅದರ ದೃಶ್ಯಗಳನ್ನು 30 ದಿನ ಕಾಪಾಡಿಡಬೇಕು. ಮೂವತ್ತೊಂದನೆಯ ದಿನ ಹಳೆಯದರ ಮೇಲೆ ಹೊಸದು ದಾಖಲಾದರೆ ಅವರನ್ನು ದೂರುವುದು ಕಷ್ಟ. ನಿಮಗೆ ಉಳಿದಿರುವುದು ಒಂದು ವಾರ ಮಾತ್ರ. ಈ ಪುಟ ಅಚ್ಚಾಗುವವರೆಗೆ ಕಾಯುವಂತಿರಲಿಲ್ಲವಾದ್ದರಿಂದ ನಿಮ್ಮ ಪತ್ರ ಕೈಸೇರಿದ ದಿನವೇ ನಿಮಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಇತರ ಓದುಗರಿಗಾಗಿ ಅದನ್ನೇ ಇಲ್ಲಿ ಮತ್ತೆ ಹೇಳುತ್ತಿದ್ದೇನೆ: ಘಟನೆಯ ದಿನಾಂಕ, ಗಂಟೆ, ಬಾಗಿಲು ಮತ್ತು ಕೋಣೆಯನ್ನು ಗುರುತಿಸಿ, 'ಈ ಅವಧಿಯ ದೃಶ್ಯಗಳನ್ನು ಅಳಿಸದೆ ಕಾಪಾಡಿಡಬೇಕು, ಇದು ಕಾನೂನು ಕ್ರಮಕ್ಕೆ ಬೇಕಾದ ಸಾಕ್ಷ್ಯ' ಎಂದು ಮಳಿಗೆಯ ವ್ಯವಸ್ಥಾಪಕರಿಗೂ ಅವರ ಮುಖ್ಯ ಕಚೇರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ರಸೀತಿಯನ್ನು ಇಟ್ಟುಕೊಳ್ಳಬೇಕು, ಇ-ಮೇಲ್ ಕೂಡ ಮಾಡಬೇಕು. ಹೀಗೆ ಕೇಳಿದ ಮೇಲೂ ದೃಶ್ಯ ಅಳಿದುಹೋದರೆ, ಅದು ಅವರಿಗೆ ಅನನುಕೂಲವಾದ ಸಾಕ್ಷ್ಯವಾಗಿತ್ತೆಂದು ನ್ಯಾಯಾಲಯ ಊಹಿಸಲು ಅವಕಾಶವಿದೆ. ಇನ್ನೊಂದು ಸಣ್ಣ ವಿಷಯ: ಆ ಬಿಲ್ಲು ಶಾಖದ ಕಾಗದದ್ದು, ದಿನ ಕಳೆದಂತೆ ಅಕ್ಷರ ಮಾಸಿಹೋಗಬಹುದು. ಇವತ್ತೇ ಅದರ ಫೋಟೊ ತೆಗೆದು, ಜೆರಾಕ್ಸ್ ಮಾಡಿಸಿಡಿ.

ಇನ್ನು ಕೈ ನಡುಗಿದ್ದರ ಬಗ್ಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ನಮ್ಮ ಗಾದೆ ಎಷ್ಟು ಜನರಿಗೆ ಅನ್ಯಾಯ ಮಾಡಿದೆಯೋ ತಿಳಿಯದು. ನನ್ನ ವಕೀಲಿ ವೃತ್ತಿಯಲ್ಲಿ ನಾನು ಕಂಡಂತೆ, ನಾಲ್ಕು ಜನರ ಎದುರಿಗೆ ಕಳ್ಳ ಎಂಬ ಮಾತು ಬಿದ್ದಾಗ ಮೊದಲು ಹೆಗಲು ಮುಟ್ಟಿ ನೋಡಿಕೊಳ್ಳುವವನು ಮರ್ಯಾದೆಗೆ ಅಂಜುವವನೇ. ಅಭ್ಯಾಸವಾದ ಕಳ್ಳನಿಗೆ ಹೆಗಲ ಮೇಲಿನ ಬೂದಿಯನ್ನು ಮೊದಲೇ ಒರೆಸಿಕೊಂಡು ಬರುವಷ್ಟು ಬುದ್ಧಿ ಇರುತ್ತದೆ. ಕೈ ನಡುಕ, ಮಾತಿನ ತೊದಲು, ಬೆವರು, ಇವು ಯಾವುವೂ ಕಳ್ಳತನದ ಸಾಕ್ಷ್ಯವಲ್ಲ. ಕಾವಲು ಸಿಬ್ಬಂದಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಾಗಾದರೆ ಗಂಟೆ ಬಾರಿಸಿದ್ದೇಕೆ? ಬಾಗಿಲ ಕಂಬಗಳಿಗೆ ಕಳ್ಳರನ್ನು ಗುರುತಿಸುವ ಶಕ್ತಿಯಿಲ್ಲ. ಅವು ಹುಡುಕುವುದು ಸಾಮಾನಿಗೆ ಅಂಟಿಸಿದ ಪಟ್ಟಿಯನ್ನು. ಒಂದು ಬಗೆಯ ಪಟ್ಟಿ ಕಿರುಬೆರಳಿನಷ್ಟೂ ಉದ್ದವಿಲ್ಲದ ಬಿಳಿ ಪ್ಲಾಸ್ಟಿಕ್ ಡಬ್ಬಿಯಂತಿದ್ದು, ಒಳಗಿನ ತೆಳು ಲೋಹದ ಎಳೆ 58 ಕಿಲೋಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಮತ್ತೊಂದು ಬಗೆಯದು ಕಾಗದದ ಚೌಕದೊಳಗೆ ಸುರುಳಿಯಾಗಿದ್ದು 8.2 ಮೆಗಾಹರ್ಟ್ಸ್‌ನ ರೇಡಿಯೊ ತರಂಗಕ್ಕೆ ಓಗೊಡುತ್ತದೆ. ಕ್ಯಾಷಿಯರ್ ಸಾಮಾನನ್ನು ಮೇಜಿನ ಮೇಲಿನ ಫಲಕದ ಮೇಲೆ ಸರಿಯಾಗಿ ಹಾಯಿಸಿದರೆ ಪಟ್ಟಿ ಸತ್ತುಹೋಗುತ್ತದೆ. ಕೈ ಬೀಸುವ ಭರದಲ್ಲಿ ತಪ್ಪಿದರೆ ಜೀವಂತವಾಗಿಯೇ ಉಳಿದು, ಅದೇ ತರಂಗ ಬಳಸುವ ಬೇರೆ ಯಾವ ಅಂಗಡಿಯ ಬಾಗಿಲಲ್ಲೂ ಕೂಗುತ್ತದೆ. ನಿಮ್ಮ ವ್ಯಾನಿಟಿ ಬ್ಯಾಗ್ ಅಥವಾ ಚಪ್ಪಲಿ ಇತ್ತೀಚೆಗೆ ಕೊಂಡದ್ದೇ? ಬ್ಯಾಗಿನ ಒಳಜೇಬಿನ ಅಸ್ತರಿನಡಿ, ಚಪ್ಪಲಿಯ ಒಳಅಟ್ಟೆಯ ಕೆಳಗೆ ಬೆರಳಾಡಿಸಿ ನೋಡಿ. ಅಲ್ಲಿ ಗಟ್ಟಿಯಾಗಿ ಏನಾದರೂ ಸಿಕ್ಕರೆ ಕಿತ್ತು ಎಸೆಯಬೇಡಿ. ಇದ್ದ ಜಾಗದಲ್ಲೇ ಫೋಟೊ ತೆಗೆದು ಕವರಿನಲ್ಲಿ ಹಾಕಿಡಿ. ನಿಮ್ಮನ್ನು 40 ನಿಮಿಷ ಕೂರಿಸಿದ್ದು ಬೇರೊಂದು ಅಂಗಡಿಯ ಕ್ಯಾಷಿಯರನ ಅವಸರ ಎಂಬುದಕ್ಕೆ ಅದೇ ಪುರಾವೆಯಾಗಬಹುದು.

ಈಗ ಕಾನೂನು. ಗಂಟೆ ಬಾರಿಸಿದಾಗ ಬಾಗಿಲಲ್ಲಿ ತಡೆದು 'ದಯವಿಟ್ಟು ಬಿಲ್ ತೋರಿಸಿ' ಎಂದು ಕೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ. ಒಂದೆರಡು ನಿಮಿಷದ ಆ ವಿಚಾರಣೆ ಸದ್ಭಾವನೆಯಿಂದ ಮಾಡಿದ್ದು ಎಂದು ಯಾವ ನ್ಯಾಯಾಧೀಶರೂ ಒಪ್ಪುತ್ತಾರೆ. ಆದರೆ ಬಿಲ್ಲೂ ಚೀಲವೂ ತಾಳೆಯಾದ ಗಳಿಗೆಗೆ ಆ ಸದ್ಭಾವನೆಯ ನೆರಳು ಮುಗಿಯಿತು. ಹೋಗುವ ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಅಡ್ಡಗಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಕ್ರಮ ತಡೆ. ಒಂದು ಎಲ್ಲೆಯನ್ನು ದಾಟಿ ಹೊರಗೆ ಹೋಗದಂತೆ ಇರಿಸಿಕೊಳ್ಳುವುದು 127ನೇ ಕಲಮಿನಡಿ ಅಕ್ರಮ ಬಂಧನ, ಅದಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇವು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಹಳೆಯ ದಂಡ ಸಂಹಿತೆಯಲ್ಲಿ 341, 342 ಎಂದು ನಾವೆಲ್ಲ ಕೇಳುತ್ತಿದ್ದವೇ. ಬಂಧನವೆಂದರೆ ಬೀಗ ಹಾಕಿರಲೇಬೇಕೆಂದಿಲ್ಲ, ಬಾಗಿಲಿಗೆ ಅಡ್ಡವಾಗಿ ಒಬ್ಬ ನಿಂತಿದ್ದು, ಎದ್ದು ಹೋದರೆ ಆತ ಬಿಡುವುದಿಲ್ಲವೆಂದು ನಿಮಗೆ ಅನಿಸಲು ಕಾರಣವಿದ್ದರೆ ಸಾಕು.

ಖಾಸಗಿ ಕಾವಲುಗಾರನಿಗೆ ಪೊಲೀಸನ ಅಧಿಕಾರವಿಲ್ಲ. ಮೈ ತಡಕುವುದಾಗಲಿ, ಬ್ಯಾಗ್ ಸುರಿಯುವುದಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ಆತ ಮಾಡುವಂತಿಲ್ಲ, ಮಹಿಳಾ ಸಿಬ್ಬಂದಿಯೂ ಮಾಡುವಂತಿಲ್ಲ. ನೀವೇ ಬ್ಯಾಗ್ ಕೊಟ್ಟಿರಿ ಎಂಬುದು ನಿಮ್ಮನ್ನು ಕೊರೆಯುತ್ತಿದೆ. ಮೂಟೆಗಳ ನಡುವೆ ಕೂರಿಸಿ, ಬಾಗಿಲಿಗೆ ಆಳು ನಿಲ್ಲಿಸಿ, 'ಬ್ಯಾಗ್ ಕೊಡಿ' ಎಂದಾಗ ಕೊಟ್ಟದ್ದು ಒಪ್ಪಿಗೆಯಲ್ಲ. ಹೆದರಿಸಿ ಪಡೆದ ಸಮ್ಮತಿಯನ್ನು ನ್ಯಾಯ ಸಂಹಿತೆ ಸಮ್ಮತಿಯೆಂದೇ ಲೆಕ್ಕಿಸುವುದಿಲ್ಲ. ತೋರಿಸಿಬಿಟ್ಟರೆ ಮುಗಿಯಿತಲ್ಲ ಎಂದು ನೀವು ಯೋಚಿಸಿದ್ದೀರಿ, ನಿಮ್ಮ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೆಯೇ ಯೋಚಿಸುತ್ತಿದ್ದೆ. ಆದರೆ ತಪ್ಪೊಪ್ಪಿಗೆಯ ಕಾಗದಕ್ಕೆ ನೀವು ಸಹಿ ಹಾಕಲಿಲ್ಲ. ಇಡೀ ಸಂಜೆಯಲ್ಲಿ ನಿಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಕೆಲಸ ಬೇರೊಂದಿಲ್ಲ. ಹಾಕಿದ್ದರೆ ಇವತ್ತು ನಾನು ಬರೆಯುತ್ತಿದ್ದ ಉತ್ತರವೇ ಬೇರೆಯಾಗಿರುತ್ತಿತ್ತು.

ಮುಂದೆ ಇಂಥ ಸಂದರ್ಭ ಬಂದವರು ಮಾಡಬೇಕಾದದ್ದು ತಲೆಕೆಳಗು ಎನಿಸಬಹುದು: ಪೊಲೀಸರನ್ನು ಕರೆಯುತ್ತೇವೆ ಎಂದು ಅಂಗಡಿಯವರು ಹೆದರಿಸುವ ಮೊದಲೇ ನೀವೇ 112ಕ್ಕೆ ಕರೆ ಮಾಡಿ. 'ನನ್ನ ಬ್ಯಾಗನ್ನು ಪೊಲೀಸರ ಎದುರಿಗೆ ಮಾತ್ರ ತೆರೆಯುತ್ತೇನೆ, ಕೋಣೆಗೆ ಬರುವುದಿಲ್ಲ, ಇಲ್ಲಿಯೇ ಎಲ್ಲರ ಎದುರಿಗೆ ನಿಂತಿರುತ್ತೇನೆ' ಎಂದು ಸಾವಧಾನವಾಗಿ ಹೇಳಿ. ನಾಲ್ಕು ಜನ ನೋಡಿದರೆ ನಾಚಿಕೆ ಎಂದು ನಾವು ಕೋಣೆಗೆ ಹೋಗುತ್ತೇವೆ, ಆದರೆ ಸಾಕ್ಷಿಗಳು ಇರುವುದು ಆ ನಾಲ್ಕು ಜನರಲ್ಲೇ.

ನಿಮಗೆ ಈಗ ಉಳಿದಿರುವ ದಾರಿಗಳಲ್ಲಿ ಪೊಲೀಸ್ ದೂರು ಒಂದು. ಅಕ್ರಮ ಬಂಧನ ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದದ್ದು) ಆದ್ದರಿಂದ ಠಾಣೆಯವರು ದೂರು ದಾಖಲಿಸಿಕೊಳ್ಳಬೇಕು. ದಾಖಲಿಸದಿದ್ದರೆ ಲಿಖಿತವಾಗಿ ಮೇಲಧಿಕಾರಿಗೂ, ಆಮೇಲೆ ಮ್ಯಾಜಿಸ್ಟ್ರೇಟರಿಗೂ ಹೋಗಬಹುದು. ಅದರಿಂದ ಆಗುವ ದೊಡ್ಡ ಲಾಭವೆಂದರೆ ದೃಶ್ಯಗಳನ್ನು ಪೊಲೀಸರೇ ವಶಕ್ಕೆ ತೆಗೆದುಕೊಳ್ಳಬಲ್ಲರು. ಆದರೆ ಶಿಕ್ಷೆಗಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ಮನಸ್ಸು ನಿಮಗಿದೆಯೇ ಎಂದು ಮೊದಲು ಕೇಳಿಕೊಳ್ಳಿ. ನಾನು ನಿಮಗೆ ಸೂಚಿಸುವುದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವನ್ನು. ಹಣ ಕೊಟ್ಟು ಸಾಮಾನು ಕೊಂಡ ನೀವು ಗ್ರಾಹಕರು. ಬಿಲ್ ಕಟ್ಟಿದ ಮೇಲೂ ಕಳ್ಳಿಯಂತೆ ನಡೆಸಿಕೊಂಡದ್ದು ಸೇವಾ ನ್ಯೂನತೆ ಎಂದು ವಾದಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ನಿಮ್ಮಂತೆ ಸಣ್ಣ ಮೊತ್ತದ ಖರೀದಿಗೆ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ವಕೀಲರು ಇರಲೇಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಲೂ ಆಗುತ್ತದೆ. ಮೊದಲು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದರೆ ಕೆಲವು ಮಳಿಗೆಗಳು ಅಲ್ಲಿಯೇ ದಾರಿಗೆ ಬರುತ್ತವೆ. ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆಯೂ ಸಾಧ್ಯ. ಆದರೆ ಅಕ್ರಮ ಬಂಧನಕ್ಕೂ ಮಾನಹಾನಿಗೂ ಕಾಲಮಿತಿ ಒಂದೇ ವರ್ಷ, ಜೊತೆಗೆ ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ವಕೀಲರ ಸಹಾಯ ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

200 ರೂಪಾಯಿಯ ಕೂಪನನ್ನು ಬಳಸಬೇಡಿ. ಬಳಸಿದರೆ ಹಕ್ಕು ಹೋಗುತ್ತದೆ ಎಂದಲ್ಲ, ಅದು ಅವರು ತಮ್ಮ ತಪ್ಪನ್ನು ಒಪ್ಪಿಕೊಂಡ ಒಂದೇ ಒಂದು ಕಾಗದ, ಹಾಗೆಯೇ ಕಡತದಲ್ಲಿರಲಿ. ಅದರ ಬದಲು ಕೇಳಬೇಕಾದದ್ದು ಮಳಿಗೆಯ ಮುದ್ರೆಯಿರುವ ಕ್ಷಮಾಪಣಾ ಪತ್ರವನ್ನು, 'ಇಂಥ ದಿನ ಇವರನ್ನು ತಪ್ಪಾಗಿ ತಡೆದೆವು, ಇವರಿಂದ ಯಾವ ತಪ್ಪೂ ನಡೆದಿಲ್ಲ' ಎಂಬ ಎರಡು ಸಾಲನ್ನು. ಆ ವಿದ್ಯಾರ್ಥಿಯ ತಾಯಿಯ ವಿಷಯದಲ್ಲಿ ಮಾನಹಾನಿ ಮೊಕದ್ದಮೆಗಿಂತ ಆ ಪತ್ರವೇ ಹೆಚ್ಚು ಕೆಲಸ ಮಾಡೀತು. ಅದು ಬರುವ ಮೊದಲೇ ಮನೆಯವರಿಗೆ ಹೇಳಿಬಿಡಿ. ಬೇರೆ ಯಾರದೋ ಬಾಯಿಂದ ಅರ್ಧ ಕೇಳುವುದಕ್ಕಿಂತ ನಿಮ್ಮಿಂದ ಪೂರ್ತಿ ಕೇಳುವುದು ಅವರಿಗೂ ವಾಸಿ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಾಧಾರಣ ಗಾತ್ರದ ಸೂಪರ್ ಮಾರ್ಕೆಟ್ ಇದೆ. ಪ್ರತಿ ತಿಂಗಳೂ ದಾಸ್ತಾನಿನಲ್ಲಿ ಕೊರತೆ. ಕಳ್ಳರನ್ನು ಹಿಡಿದರೆ ಕಾನೂನು ನಮ್ಮ ಮೇಲೆಯೇ ತಿರುಗುತ್ತದೆ ಎನ್ನುತ್ತಾರೆ. ಕದ್ದ ಸಾಮಾನಿನ ಹತ್ತು ಪಟ್ಟು ದಂಡ ವಸೂಲಿ ಮಾಡಿ, ಫೋಟೊ ಅಂಟಿಸುವ ಪದ್ಧತಿ ನಮ್ಮಲ್ಲಿದೆ. 'ಒಳಗೆ ಬಂದವರು ತಪಾಸಣೆಗೆ ಒಪ್ಪಿರುತ್ತಾರೆ' ಎಂದು ಫಲಕವನ್ನೂ ಹಾಕಿದ್ದೇವೆ. ಇದು ಸರಿಯೇ?

ಉತ್ತರ: ಮೊದಲನೆಯದು ಸರಿಯಲ್ಲ, ಎರಡನೆಯದು ಅದಕ್ಕಿಂತ ಅಪಾಯ, ಮೂರನೆಯದರಿಂದ ಪ್ರಯೋಜನವಿಲ್ಲ. ದಂಡ ವಿಧಿಸುವುದು ನ್ಯಾಯಾಲಯದ ಕೆಲಸ. 'ಕೊಡದಿದ್ದರೆ ಪೊಲೀಸರಿಗೆ ಹೇಳುತ್ತೇವೆ, ಊರಿಗೆಲ್ಲ ತಿಳಿಸುತ್ತೇವೆ' ಎಂದು ಹೆದರಿಸಿ ಹಣ ಪಡೆದರೆ, ಎದುರಿನವನು ನಿಜವಾಗಿ ಕದ್ದಿದ್ದರೂ, ನಿಮ್ಮ ಮೇಲೆ ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಯ ಆರೋಪ ಬರಬಹುದು, ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ. ನೂರು ರೂಪಾಯಿಯ ಸೋಪು ಕದ್ದವನಿಗಿಂತ ಸಾವಿರ ರೂಪಾಯಿ ಕಿತ್ತವನ ಅಪರಾಧ ದೊಡ್ಡದಾಗುವ ಲೆಕ್ಕ ಇದು. ಗೋಡೆಯ ಮೇಲಿನ ಫೋಟೊ, ವಾಟ್ಸ್‌ಆ್ಯಪ್ ಗುಂಪಿಗೆ ಹೋದ ಫೋಟೊ, ಎರಡೂ ಮಾನಹಾನಿಗೆ ದಾರಿ. ಅವುಗಳನ್ನು ಈಗಲೇ ತೆಗೆಸಿ. ಫಲಕದ ಬಲದಿಂದ ನೀವು ತಪಾಸಣೆಗೆ ಒಪ್ಪದವರನ್ನು ಒಳಗೆ ಬಿಡದಿರಬಹುದು, ಚೀಲವನ್ನು ಟೋಕನ್ ಕೊಟ್ಟು ಹೊರಗಿರಿಸಿಕೊಳ್ಳಬಹುದು. ಬಲವಂತವಾಗಿ ಚೀಲಕ್ಕೆ ಕೈಹಾಕುವ ಅಧಿಕಾರ ಯಾವ ಫಲಕದಿಂದಲೂ ಹುಟ್ಟುವುದಿಲ್ಲ.

ಹಾಗೆಂದು ನೀವು ಕೈಕಟ್ಟಿ ಕೂರಬೇಕಾಗಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು, ತನ್ನ ಕಣ್ಣೆದುರಿಗೆ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವನನ್ನು ಹಿಡಿಯುವ ಅಧಿಕಾರವನ್ನು ಯಾವುದೇ ಖಾಸಗಿ ವ್ಯಕ್ತಿಗೂ ಕೊಟ್ಟಿದೆ. ಹಿಡಿದವನನ್ನು ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಇಲ್ಲಿ 'ಕಣ್ಣೆದುರಿಗೆ' ಎಂಬುದರ ಮೇಲೆ ಗಮನವಿಡಿ. ಗಂಟೆ ಬಾರಿಸಿತು, ನೋಟ ಸರಿಯಿರಲಿಲ್ಲ, ಮೊನ್ನೆಯೂ ಬಂದಿದ್ದ ಎಂಬುವು ಕಣ್ಣೆದುರಿನ ಕಳವಲ್ಲ. ಇನ್ನೊಂದು ತೊಡಕೂ ಇದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಮೊದಲ ಬಾರಿ ಮಾಡಿ, ಸಾಮಾನನ್ನು ಹಿಂತಿರುಗಿಸಿದವನಿಗೆ ಹೊಸ ಸಂಹಿತೆ ಸಮುದಾಯ ಸೇವೆಯ ಶಿಕ್ಷೆಯನ್ನಷ್ಟೇ ಇಟ್ಟಿದೆ, ಅದನ್ನು ಸಂಜ್ಞೇಯವಲ್ಲದ, ಜಾಮೀನು ಸಿಗುವ ಅಪರಾಧವೆಂದೂ ವಿಂಗಡಿಸಿದೆ. ಸರಕು ಇಟ್ಟಿರುವ ಕಟ್ಟಡದಲ್ಲಿ ನಡೆದ ಕಳವು ಎಂದು 305ನೇ ಕಲಮು ಹಾಕಬೇಕೆಂಬ ವಾದವೂ ಇದೆ. ವಕೀಲರೇ ಜಗಳವಾಡುವ ಇಂಥ ಜಾಗದಲ್ಲಿ, ಒಂದು ಪೊಟ್ಟಣ ಗೋಡಂಬಿಗಾಗಿ ನೀವು ಯಾರ ರಟ್ಟೆಯನ್ನೂ ಹಿಡಿಯಬೇಡಿ ಎಂಬುದು ನನ್ನ ಸಲಹೆ.

ಸಾಮಾನನ್ನು ಬುಟ್ಟಿಗೆ ಹಾಕಿಕೊಂಡದ್ದು ಕಳವಲ್ಲ, ಅದಕ್ಕೇ ಬುಟ್ಟಿ ಕೊಟ್ಟಿದ್ದೀರಿ. ಜೇಬಿಗೆ ಹಾಕಿದ್ದನ್ನು ನೋಡಿದರೂ, ಬಿಲ್ಲಿಂಗ್ ಮೇಜು ದಾಟುವವರೆಗೆ ಕಾದರೆ ಅಪ್ರಾಮಾಣಿಕ ಉದ್ದೇಶವನ್ನು ತೋರಿಸುವುದು ಸುಲಭ. ಮರೆತು ಇಟ್ಟುಕೊಂಡವರಿಗೆ ನೆನಪಿಸಿಕೊಳ್ಳಲು ಒಂದು ಅವಕಾಶವೂ ಸಿಗುತ್ತದೆ. ಬಿಲ್ಲಿಂಗಿನ ಹುಡುಗನಿಗೆ 'ಇನ್ನೇನಾದರೂ ಸೇರಿಸಬೇಕೇ?' ಎಂದು ಕೇಳಲು ಕಲಿಸಿ. ಆ ಒಂದು ಪ್ರಶ್ನೆಗೆ ಜೇಬಿನಿಂದ ಎಷ್ಟೋ ಸಾಮಾನು ತಾನಾಗಿ ಹೊರಬರುತ್ತದೆ. ದಾಸ್ತಾನಿನ ಕೊರತೆಯೆಲ್ಲ ಗಿರಾಕಿಗಳ ಕೈಚಳಕವೇ ಎಂದೂ ನಂಬಬೇಡಿ. ಸರಬರಾಜುದಾರರ ಕಡಿಮೆ ತೂಕ, ಎರಡು ಸಲ ನಮೂದಾದ ಸರಕು, ಹಿಂಬಾಗಿಲು, ಇವೂ ಅದೇ ಲೆಕ್ಕದಲ್ಲಿ ಕೂತಿರುತ್ತವೆ. ಕಾವಲಿಗೆ ಜನ ಕಳಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪರವಾನಗಿ ಇದೆಯೇ ಎಂದು ನೋಡಿ. ಕಾವಲುಗಾರ ಏಜೆನ್ಸಿಯವನು, ನಮಗೆ ಸಂಬಂಧವಿಲ್ಲ ಎಂಬ ಉತ್ತರ ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಕಷ್ಟ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು, ಅಲ್ಲಿ ಅನುಮಾನ ಬಂದರೆ ಅಂಗಡಿಯವರು ತಡೆದು ಕೂರಿಸಬಹುದು ಎನ್ನುತ್ತಾಳೆ. ಅಲ್ಲಿರುವ ಹಕ್ಕು ಇಲ್ಲಿ ಏಕಿಲ್ಲ? – ಶಿವಮೊಗ್ಗದ ಓದುಗರು

ಉತ್ತರ: ಅಲ್ಲಿನ ರಾಜ್ಯಗಳಲ್ಲಿ ಅಂಗಡಿಯವನಿಗೆ ಅಂಥದೊಂದು ವಿಶೇಷ ರಕ್ಷಣೆ ಇರುವುದು ನಿಜ, ಆದರೆ ಅನುಮಾನಕ್ಕೆ ತಕ್ಕ ಕಾರಣ, ಸಹಜವೆನಿಸುವ ರೀತಿ, ಅಗತ್ಯಕ್ಕೆ ತಕ್ಕ ಅವಧಿ ಎಂಬ ಮಿತಿಗಳೊಂದಿಗೆ. ಭಾರತದಲ್ಲಿ ಅಂಗಡಿಗಳಿಗೆಂದೇ ಅಂಥ ಕಾನೂನಿಲ್ಲ. ಎಲ್ಲರಿಗೂ ಇರುವ, ಮೇಲೆ ಹೇಳಿದ 40ನೇ ಕಲಮೇ ಅವರಿಗೂ ಇರುವುದು. ಇರಬೇಕಿತ್ತೇ ಎಂದರೆ, ಮೈಸೂರಿನ ಶಿಕ್ಷಕಿಯ ಪತ್ರ ಓದಿದ ಮೇಲೆ ಬೇಡವೆಂದೇ ಹೇಳುತ್ತೇನೆ.

ಪ್ರಶ್ನೆ: ನಾನು ರಾಯಚೂರು ಕಡೆಯವನು, ಬೆಂಗಳೂರಿನ ಒಂದು ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸ. ಹಳೆ ಬಟ್ಟೆಯವರು, ಬುರ್ಖಾ ಹಾಕಿದವರು, ದೊಡ್ಡ ಚೀಲದ ಹೆಂಗಸರು ಬಂದರೆ ಹಿಂದೆಯೇ ಓಡಾಡಿ, ಹೊರಗೆ ಹೋಗುವಾಗ ತಡೆದು ಚೆಕ್ ಮಾಡು ಎಂದು ಸೂಪರ್‌ವೈಸರ್ ಹೇಳುತ್ತಾರೆ. ಮಾಡದಿದ್ದರೆ ಕೆಲಸ ಹೋಗುತ್ತದೆ. ಅವರು ಹೇಳಿದ್ದನ್ನು ಮಾಡಿದ್ದಕ್ಕೆ ನನ್ನ ಮೇಲೆ ಕೇಸ್ ಆಗುತ್ತದೆಯೇ?

ಉತ್ತರ: ಆಗುತ್ತದೆ. ಮೊದಲು ನಿಮ್ಮ ಮೇಲೆಯೇ ಆಗುತ್ತದೆ, ಏಕೆಂದರೆ ದೂರುದಾರರು ಕಂಡದ್ದು ನಿಮ್ಮ ಮುಖವನ್ನು. ಮೇಲಿನವರು ಹೇಳಿದರು ಎಂಬುದು ಅಕ್ರಮ ತಡೆಗೆ ಕ್ಷಮೆಯಲ್ಲ. ಹೇಳಿದವರೂ ಜೊತೆಗೆ ಆರೋಪಿಯಾಗಬಹುದು, ಆದರೆ ಅವರು ಬಾಯಿಮಾತಿನಲ್ಲಿ ಹೇಳಿರುತ್ತಾರೆ, ಆಮೇಲೆ ಹೇಳಿಲ್ಲ ಎನ್ನುತ್ತಾರೆ. ಸೂಚನೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಕೊಡದಿದ್ದರೆ 'ಸರ್, ನೀವು ಇವತ್ತು ಹೇಳಿದಂತೆ ಇಂಥವರನ್ನು ತಡೆಯಬೇಕೇ?' ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ. ಇಂಥ ಪ್ರಶ್ನೆಗೆ 'ಹೌದು' ಎಂದು ಬರೆಯುವ ಸೂಪರ್‌ವೈಸರನ್ನು ನಾನು ಇನ್ನೂ ಕಂಡಿಲ್ಲ. ಬಾಗಿಲಲ್ಲಿ ನಿಂತಾಗ ಹತ್ತಕ್ಕೆ ಒಬ್ಬರಂತೆ ಲೆಕ್ಕ ಹಿಡಿದು, ಸೂಟು ಹಾಕಿದವರಿರಲಿ, ಬುರ್ಖಾದವರಿರಲಿ, ಬಿಲ್ ಮಾತ್ರ ಕೇಳಿ ನೋಡಿ. ಮೈ ಮುಟ್ಟಬೇಡಿ, ಚೀಲಕ್ಕೆ ಕೈಹಾಕಬೇಡಿ. ಒಪ್ಪದವರ ಹೆಸರನ್ನೂ ಕೇಳದೆ ಸೂಪರ್‌ವೈಸರನನ್ನೇ ಸ್ಥಳಕ್ಕೆ ಕರೆಯಿರಿ, ತಡೆಯಬೇಕೆಂದಿದ್ದರೆ ಅವರೇ ಕ್ಯಾಮೆರಾದ ಎದುರಿಗೆ ನಿಂತು ತಡೆಯಲಿ. ನಿಮ್ಮ ಫೋಟೊ ಇರುವ ಗುರುತಿನ ಚೀಟಿಯನ್ನು ಕೊಡುವುದು ಏಜೆನ್ಸಿಯ ಕರ್ತವ್ಯ. ಬೆಲ್ಟು, ಬೂಟಿನ ಹಣ ಹಿಡಿದುಕೊಂಡು ಚೀಟಿ ಕೊಡದೆ ದುಡಿಸುವವರಿದ್ದಾರೆ. ನಿಮ್ಮದು ಕೈಯಲ್ಲಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ.